ಪ್ಲೇನರ್‌ನಲ್ಲಿ ಆರು ಸಲ ಹಾಯಿಸಿದರೂ ಹಲಸಿನ ಹಲಗೆ ಸೊಟ್ಟ: ತುದಿಯಲ್ಲಿ ತಗ್ಗು, ನಡುವೆ ಸಿಬಿರು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪುತ್ತೂರಿನ ಸಮೀಪ, ಮನೆಯ ಹಿಂದಿನ ಹಳೆಯ ಕೊಟ್ಟಿಗೆಯನ್ನು ಸರಿಪಡಿಸಿಕೊಂಡು ಹವ್ಯಾಸಕ್ಕಾಗಿ ಮರಗೆಲಸ ಮಾಡುತ್ತಿದ್ದೇನೆ. ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಮಿಲ್ಲಿನಲ್ಲಿ ಸೀಳಿಸಿ, ಪಟ್ಟಿಗಳನ್ನಿಟ್ಟು ಪೇರಿಸಿ, ಎರಡು ವರ್ಷ ನೆರಳಿನಲ್ಲಿ ಒಣಗಿಸಿದ್ದೆ. ಮಗಳ ಓದುವ ಮೇಜಿಗೆ ಆ ಹಲಗೆಗಳನ್ನು ಒಂದೇ ದಪ್ಪಕ್ಕೆ ತರಬೇಕೆಂದು ಕಳೆದ ತಿಂಗಳು 12 ಇಂಚು ಅಗಲದ, ಮೇಜಿನ ಮೇಲಿಟ್ಟು ಬಳಸುವ ಥಿಕ್‌ನೆಸ್ ಪ್ಲೇನರ್ ಕೊಂಡೆ. ಹಲಗೆಗಳು 4 ಅಡಿ ಉದ್ದ, 9 ಇಂಚು ಅಗಲ, ಸುಮಾರು ಒಂದೂಕಾಲು ಇಂಚು ದಪ್ಪ ಇವೆ.

ಮೂರು ತೊಂದರೆಗಳು ಕಾಣಿಸಿಕೊಂಡಿವೆ. ಎರಡೂ ತುದಿಗಳಲ್ಲಿ ಎರಡೂವರೆ ಇಂಚಿನಷ್ಟು ಜಾಗ ಉಳಿದ ಭಾಗಕ್ಕಿಂತ ತಗ್ಗಾಗಿದೆ. ವರ್ನಿಯರ್‌ನಲ್ಲಿ ಅಳೆದರೆ 0.4 ಮಿ.ಮೀ. ವ್ಯತ್ಯಾಸ ಬರುತ್ತದೆ, ಉಗುರು ಆಡಿಸಿದರೆ ಆ ಮೆಟ್ಟಿಲು ಸ್ಪಷ್ಟವಾಗಿ ತಾಗುತ್ತದೆ. ಎರಡನೆಯದಾಗಿ, ಹಲಗೆಯ ನಡುವೆ ಉದ್ದಕ್ಕೂ ಒಂದು ಪಟ್ಟಿಯಷ್ಟು ಜಾಗದಲ್ಲಿ ಎಳೆ ಕಿತ್ತು ಬಂದು ಸಿಬಿರೆದ್ದಿದೆ. ಮೂರನೆಯದು ನನಗೆ ಅರ್ಥವೇ ಆಗದ ಸಂಗತಿ: ಆರು ಸಲ ಹಾಯಿಸಿದ ಮೇಲೂ ಹಲಗೆಯನ್ನು ಸಮತಟ್ಟಾದ ಕಡಪಾ ಕಲ್ಲಿನ ಮೇಲಿಟ್ಟರೆ ಎರಡು ಮೂಲೆಗಳ ಮೇಲೆ ತೂಗಾಡುತ್ತದೆ. ಈ ಯಂತ್ರವನ್ನು ಕೊಟ್ಟು, ಸುರುಳಿಯಾಕಾರದ ಕಟರ್ ಹೆಡ್ (ಬ್ಲೇಡುಗಳನ್ನು ಹೊತ್ತು ತಿರುಗುವ ಉರುಳೆ) ಇರುವ ದುಬಾರಿ ಯಂತ್ರ ತೆಗೆದುಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ಪರಿಚಿತರೊಬ್ಬರು ಹೇಳುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಮಸ್ಕಾರ. ಯಂತ್ರವನ್ನು ಬದಲಾಯಿಸುವ ಮೊದಲು ಒಂದು ಪರೀಕ್ಷೆ ಮಾಡಿ. ತೂಗಾಡುವ ಆ ಹಲಗೆಯ ದಪ್ಪವನ್ನು ನಾಲ್ಕೂ ಮೂಲೆಗಳಲ್ಲಿ, ತುದಿಯಿಂದ ನಾಲ್ಕಿಂಚು ಒಳಗೆ ಅಳೆಯಿರಿ. ನಾಲ್ಕೂ ಕಡೆ ಒಂದೇ ದಪ್ಪ ಬಂದರೆ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ ಎಂದರ್ಥ. ಈ ಯಂತ್ರದ ಕೆಲಸ ಹಲಗೆಯ ಮೇಲ್ಮುಖವನ್ನು ಕೆಳಮುಖಕ್ಕೆ ಸಮಾನಾಂತರವಾಗಿ ಕೀಸುವುದೇ ಹೊರತು ಸೊಟ್ಟ ಹಲಗೆಯನ್ನು ನೇರಗೊಳಿಸುವುದಲ್ಲ. ಕಟರ್ ಹೆಡ್‌ನ ಹಿಂದೆ ಮುಂದೆ ಇರುವ ಎರಡು ರೋಲರ್‌ಗಳು ಸ್ಪ್ರಿಂಗ್ ಒತ್ತಡದಿಂದ ಹಲಗೆಯನ್ನು ಕೆಳಗಿನ ಹಾಸಿನ (ಹಲಗೆ ಜಾರುವ ಸಮತಟ್ಟಾದ ತಳ) ಮೇಲೆ ಅದುಮುತ್ತವೆ. ಬ್ಲೇಡಿನ ಕೆಳಗೆ ಇರುವಷ್ಟು ಹೊತ್ತು ಹಲಗೆ ಚಪ್ಪಟೆಯಾಗಿರುತ್ತದೆ, ಹೊರಗೆ ಬಂದೊಡನೆ ಮತ್ತೆ ತನ್ನ ತಿರುಚಿಗೆ ಮರಳುತ್ತದೆ. ಆದ್ದರಿಂದ ನೀವು ಆರು ಸಲವಲ್ಲ, ಹದಿನಾರು ಸಲ ಹಾಯಿಸಿದ್ದರೂ ತೆಳ್ಳಗಿನ ಸೊಟ್ಟ ಹಲಗೆಯೇ ಸಿಗುತ್ತಿತ್ತು.

ಮೊದಲು ಒಂದು ಮುಖ ಸಮತಟ್ಟಾಗಬೇಕು. ಕೀಸುಳಿಯಿಂದ ಅದನ್ನು ಮಾಡಬಹುದು. ಆದರೆ ಒಣಗಿದ ಹಲಸಿನ 4 ಅಡಿ ಹಲಗೆಗೆ ತೋಳಿನ ಶ್ರಮ ಬಹಳ. ಅದರ ಬದಲು 18 ಮಿ.ಮೀ. ಪ್ಲೈವುಡ್‌ನಲ್ಲಿ ಹಲಗೆಗಿಂತ ತುಸು ಉದ್ದದ, ಹಲಗೆಯನ್ನು ಹೊತ್ತು ಅದರ ಜೊತೆಗೇ ಯಂತ್ರದೊಳಗೆ ಸಾಗುವ ಒಂದು ವಾಹಕವನ್ನು ಸಿದ್ಧಪಡಿಸಿಕೊಳ್ಳಿ. ಹಲಗೆಯನ್ನು ಅದರ ಮೇಲಿಟ್ಟಾಗ ಎದುರುಬದುರಿನ ಎರಡು ಮೂಲೆಗಳು ಎದ್ದಿರುತ್ತವೆ. ಒಂದೇ ಮೂಲೆಯ ಕೆಳಗೆ ಬೆಣೆ ಕೊಟ್ಟರೆ ಇನ್ನೊಂದು ಕಡೆ ಅನಾವಶ್ಯಕವಾಗಿ ಮರ ಹೋಗುತ್ತದೆ. ಆದುದರಿಂದ ಹಲಗೆಯನ್ನು ಮೆಲ್ಲಗೆ ಅತ್ತಿತ್ತ ತೂಗಿಸಿ, ಎರಡೂ ಮೂಲೆಗಳ ಕೆಳಗಿನ ಸಂದು ಸಮನಾದ ಸ್ಥಿತಿಯಲ್ಲಿ ನಿಲ್ಲಿಸಿ, ಎರಡಕ್ಕೂ ತೆಳು ಬೆಣೆಗಳನ್ನು ತುರುಕಿ ಬಿಸಿ ಅಂಟಿನಿಂದ ಹಿಡಿಸಿ. ನಡುವೆ ತಟ್ಟಿದಾಗ ಎಲ್ಲೆಲ್ಲಿ ಟೊಳ್ಳು ಸದ್ದು ಕೇಳಿಸುತ್ತದೋ ಅಲ್ಲಿಯೂ ಒಂದೊಂದು ಬೆಣೆ ಇರಲಿ, ಇಲ್ಲವಾದರೆ ರೋಲರ್ ಒತ್ತಿದಾಗ ಹಲಗೆ ಬಳುಕುತ್ತದೆ. ರೋಲರ್‌ಗಳು ಹಲಗೆಯನ್ನು ಮೇಲಿನಿಂದ ಹಿಡಿದು ಮುಂದಕ್ಕೆ ಎಳೆಯುವುದರಿಂದ ಅದು ವಾಹಕದ ಮೇಲೆ ಜಾರದಂತೆ ಮೊದಲು ಒಳಹೋಗುವ ತುದಿಯಲ್ಲಿ, ಹಲಗೆಗಿಂತ ತಗ್ಗಾದ ಒಂದು ಅಡ್ಡಪಟ್ಟಿಯನ್ನು ಅಂಟಿಸಿ. ವಾಹಕದಲ್ಲಿ ಎಲ್ಲಿಯೂ ಮೊಳೆ, ತಿರುಪು ಬಳಸಬೇಡಿ. ಮೇಲ್ಮುಖ ಪೂರ್ತಿ ಕೀಸಿದ ಮೇಲೆ ವಾಹಕವನ್ನು ತೆಗೆದು, ಆ ಮುಖವನ್ನು ಕೆಳಗೆ ಮಾಡಿ ಮಾಮೂಲಿನಂತೆ ಹಾಯಿಸಿದರೆ ನಿಮ್ಮ ಮೂರನೆಯ ತೊಂದರೆ ಬಗೆಹರಿಯುತ್ತದೆ. ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆಗಳನ್ನು ಎಳೆದಿಟ್ಟರೆ ಎಲ್ಲಿ ಇನ್ನೂ ಬ್ಲೇಡ್ ತಾಗಿಲ್ಲ ಎಂಬುದು ತಕ್ಷಣ ಗೊತ್ತಾಗುತ್ತದೆ.

ತುದಿಯ ತಗ್ಗಿಗೆ ಸ್ನೈಪ್ ಎನ್ನುತ್ತಾರೆ. ಹಲಗೆ ಒಳಹೊಗುವಾಗ ಮತ್ತು ಹೊರಬರುವಾಗ ಒಂದೇ ರೋಲರ್‌ನ ಹಿಡಿತದಲ್ಲಿರುತ್ತದೆ. ಆಗ ಹೊರಗೆ ಚಾಚಿದ ಭಾಗದ ಭಾರಕ್ಕೆ ಒಳಗಿನ ತುದಿ ಮೇಲೆದ್ದು ಬ್ಲೇಡಿಗೆ ಸಿಗುತ್ತದೆ. ಯಂತ್ರದ ಎರಡೂ ಬದಿಯ ಮಡಚುವ ಟೇಬಲ್‌ಗಳ ಮೇಲೆ ಉದ್ದನೆಯ ನೇರ ಪಟ್ಟಿಯನ್ನಿಟ್ಟು ನೋಡಿ. ಹೊರತುದಿಗಳು ನಡುವಿನ ಹಾಸಿಗಿಂತ ಕೆಳಗಿದ್ದರೆ ತಳದ ಬೋಲ್ಟುಗಳನ್ನು ತಿರುಗಿಸಿ, ಅರ್ಧದಿಂದ ಒಂದು ಮಿಲಿಮೀಟರ್ ಮೇಲಕ್ಕೇ ಇರುವಂತೆ ಹೊಂದಿಸಿ. ಹಲಗೆ ಒಳಹೋಗುವಾಗ ಹಿಂದಿನ ತುದಿಯನ್ನೂ ಹೊರಬರುವಾಗ ಮುಂದಿನ ತುದಿಯನ್ನೂ ಕೈಯಿಂದ ತುಸು ಎತ್ತಿ ಹಿಡಿಯಿರಿ. ಹಲಗೆಗಳನ್ನು ಒಂದರ ಹಿಂದೆ ಒಂದು ಮುಟ್ಟಿಸಿ ಕಳುಹಿಸಿದರೆ ತಗ್ಗು ಮೊದಲನೆಯದರ ಮೂತಿಗೂ ಕೊನೆಯದರ ಬಾಲಕ್ಕೂ ಮಾತ್ರ ಬರುತ್ತದೆ. ಇಷ್ಟಾಗಿಯೂ ನಾನು ಪ್ರತಿ ತುದಿಯಲ್ಲಿ ಮೂರಿಂಚು ಹೆಚ್ಚು ಉದ್ದ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ.

ಇನ್ನು ಸಿಬಿರು. ಹಲಸಿನಲ್ಲಿ ಎಳೆಗಳು ಪದರ ಪದರವಾಗಿ ಎದುರುಬದುರು ಓರೆಯಾಗಿ ಹೆಣೆದುಕೊಂಡಿರುತ್ತವೆ, ಹಾಗಾಗಿ ಒಂದೇ ಹಲಗೆಯಲ್ಲಿ ಒಂದು ಪಟ್ಟಿ ನುಣುಪಾದಾಗ ಪಕ್ಕದ ಪಟ್ಟಿ ಕಿತ್ತು ಬರುವುದುಂಟು. ಹಲಗೆಯ ಪಕ್ಕದ ಅಂಚನ್ನು ನೋಡಿ, ಎಳೆಗಳು ಒಳಹೋಗುವ ತುದಿಯಿಂದ ನಿಮ್ಮ ಕಡೆಗೆ ಏರುವಂತೆ ಹಲಗೆಯನ್ನು ತಿರುಗಿಸಿ ಹಾಯಿಸಿ. ಕೊನೆಯ ಎರಡು ಮೂರು ಸುತ್ತುಗಳಲ್ಲಿ ಕಾಲು ಮಿ.ಮೀ.ಗಿಂತ ಹೆಚ್ಚು ಕೀಸಬೇಡಿ, ಅದಕ್ಕೂ ಮೊದಲು ಹಿಂಡಿದ ಒದ್ದೆ ಬಟ್ಟೆಯಿಂದ ಮುಖವನ್ನು ಒರೆಸಿ ಒಂದೆರಡು ನಿಮಿಷ ಬಿಡಿ. ಎಳೆ ಮೆತ್ತಗಾಗಿ ಮುರಿಯದೆ ಕತ್ತರಿಸಿಕೊಳ್ಳುತ್ತದೆ. ಉಳಿದದ್ದನ್ನು ಸ್ಕ್ರೇಪರ್‌ನಿಂದ (ಕೈಯಲ್ಲಿ ಹಿಡಿದು ಹೆರೆಯುವ ತೆಳು ಉಕ್ಕಿನ ತಗಡು) ಹೆರೆಯಬೇಕು.

ಸುರುಳಿ ಹೆಡ್ ಸಿಬಿರನ್ನೂ ಸದ್ದನ್ನೂ ನಿಜವಾಗಿಯೂ ಕಡಿಮೆ ಮಾಡುತ್ತದೆ. ಆದರೆ ನಿಮ್ಮ ಮೂರು ತೊಂದರೆಗಳಲ್ಲಿ ಎರಡಕ್ಕೆ ಅದರಿಂದ ಪ್ರಯೋಜನವಿಲ್ಲ. ಹೊಸದಾಗಿ ಆರಿಸುವವರು ನಿಮಿಷಕ್ಕೆ ಎಷ್ಟು ಸುತ್ತು ಎಂಬುದೊಂದನ್ನೇ ನೋಡದೆ, ಮಿಲಿಮೀಟರಿಗೆ ಎಷ್ಟು ಕಡಿತ ಬೀಳುತ್ತದೆಂದು ಲೆಕ್ಕ ಹಾಕಬೇಕು; ಕಡಿತ ಹೆಚ್ಚಿದಷ್ಟೂ ಮುಖ ನುಣುಪು. ಮಕಿಟಾ 2012ಎನ್‌ಬಿ ಯಂತ್ರದಲ್ಲಿ ಎರಡು ಬ್ಲೇಡ್, ನಿಮಿಷಕ್ಕೆ 8,500 ಸುತ್ತು, ಹಲಗೆ ಸಾಗುವ ವೇಗ ನಿಮಿಷಕ್ಕೆ 8.5 ಮೀಟರ್, ಅಂದರೆ ಮಿಲಿಮೀಟರಿಗೆ ಎರಡು ಕಡಿತ. ಅಮೆರಿಕದ ಮನೆ ಕಾರ್ಯಾಗಾರಗಳಲ್ಲಿ ಹೆಚ್ಚು ಕಾಣುವ ಡಿವಾಲ್ಟ್ ಡಿಡಬ್ಲ್ಯು735ರಲ್ಲಿ ಮೂರು ಬ್ಲೇಡ್, ಎರಡು ವೇಗಗಳಿವೆ; ಇಂಚಿಗೆ 96 ಅಥವಾ 179 ಕಡಿತ ಆರಿಸಿಕೊಳ್ಳಬಹುದು. ಆದರೆ ಅಲ್ಲಿಂದ ಊರಿಗೆ ಹೊತ್ತು ತರುವ ಆಸೆಯಿದ್ದವರು, ಅದು 120 ವೋಲ್ಟಿನ, 15 ಆಂಪಿಯರ್ ಯಂತ್ರವೆಂಬುದನ್ನು ಮರೆಯಬಾರದು. ಇಲ್ಲಿ ಅದಕ್ಕೆ ಭಾರೀ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ಬಳಿಕ

ನಾಲ್ಕು ಮೂಲೆಗಳ ದಪ್ಪ ಒಂದೇ ಬಂತು. ಯಂತ್ರವನ್ನು ಸುಮ್ಮನೆ ದೂರುತ್ತಿದ್ದೆನೆಂದು ತಿಳಿದು ಸಮಾಧಾನವಾಯಿತು. ನೀವು ಹೇಳಿದಂತೆ ವಾಹಕ ಮಾಡಿ ಎರಡು ಹಲಗೆಗಳನ್ನು ಮುಗಿಸಿದ್ದೇನೆ. ಕಡಪಾ ಕಲ್ಲಿನ ಮೇಲೆ ಒಂದು ಕಾಗದವೂ ಕೆಳಗೆ ತೂರುವುದಿಲ್ಲ. ತುದಿಯ ತಗ್ಗು 0.1 ಮಿ.ಮೀ.ಗೆ ಇಳಿದಿದೆ.

ಆದರೆ ಈಗ ಎರಡು ಹೊಸ ತೊಂದರೆಗಳಿವೆ. ಹಲಗೆಯ ಉದ್ದಕ್ಕೂ ದಾರ ಅಂಟಿಸಿದಂತೆ ಒಂದು ಸಣ್ಣ ಏರುಗೆರೆ ಉಳಿಯುತ್ತಿದೆ. ಅಲ್ಲದೆ ಹಲಗೆ ಅರ್ಧದಲ್ಲಿ ನಿಂತುಬಿಡುತ್ತದೆ, ಮೋಟಾರಿನ ಸದ್ದೂ ಆಗ ಕುಗ್ಗುತ್ತದೆ.

ಇನ್ನೊಬ್ಬ ಸದಸ್ಯರ ಉತ್ತರ

ಏರುಗೆರೆ ಎಂದರೆ ಬ್ಲೇಡಿನ ಬಾಯಿ ಅಲ್ಲಿ ಮುಕ್ಕಾಗಿದೆ. ಮಿಲ್ಲಿನ ಅಂಗಳದ ಮರಳು ಹಲಗೆಗೆ ಅಂಟಿಕೊಂಡಿದ್ದರೂ ಸಾಕು. ತಂತಿ ಬ್ರಷ್‌ನಿಂದ ಉಜ್ಜದೆ ಯಾವ ಹಲಗೆಯನ್ನೂ ಒಳಗೆ ಬಿಡಬೇಡಿ. ಹಳೆಯ ಮನೆಯ ಬಾಗಿಲು, ಪಕಾಸುಗಳ ಮರವಾದರೆ ಮುರಿದ ಮೊಳೆಗಳನ್ನು ಲೋಹಶೋಧಕದಿಂದ ಹುಡುಕಲೇಬೇಕು. ಸದ್ಯಕ್ಕೆ ಪ್ಲಗ್ ಕಿತ್ತು, ಕೈಗವಸು ಹಾಕಿಕೊಂಡು, ಬ್ಲೇಡುಗಳಲ್ಲಿ ಒಂದನ್ನು ಮಾತ್ರ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಬಿಗಿಯಿರಿ. ಒಂದರ ಮುಕ್ಕನ್ನು ಇನ್ನೊಂದು ಕೀಸಿಬಿಡುತ್ತದೆ. ಬ್ಲೇಡಿನ ಬೋಲ್ಟುಗಳಿಗೆ ಸರಿಯುವಷ್ಟು ಎಡೆಯಿಲ್ಲದ ಮಾದರಿಯಾದರೆ ಬ್ಲೇಡ್ ತಿರುಗಿಸಿ ಹಾಕುವುದೇ ದಾರಿ.

ಹಲಗೆ ನಿಲ್ಲುವುದಕ್ಕೆ ಎರಡು ಕಾರಣಗಳಿರಬಹುದು. ರಬ್ಬರ್ ರೋಲರ್‌ಗಳ ಮೇಲೆ ಹೊಟ್ಟು ಮೆತ್ತಿ ಹೊಳಪು ಬಂದಿದ್ದರೆ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ, ಕೆಳಗಿನ ಹಾಸಿನ ಮೇಲೆ ಸಿಲಿಕೋನ್ ಇಲ್ಲದ ಮೇಣವನ್ನು ತೆಳುವಾಗಿ ಹಚ್ಚಿ. ಸಿಲಿಕೋನ್ ಮರಕ್ಕೆ ತಗುಲಿದರೆ ಮುಂದೆ ಪಾಲಿಶ್ ಕಣ್ಣು ಕಣ್ಣಾಗಿ ಒಡೆಯುತ್ತದೆ. ಮೋಟಾರಿನ ಸದ್ದೂ ಕುಗ್ಗುತ್ತದೆ ಎಂದಿರುವುದರಿಂದ ವಿದ್ಯುತ್ತನ್ನೂ ನೋಡಬೇಕು. 1,650 ವ್ಯಾಟ್ ಯಂತ್ರ 230 ವೋಲ್ಟಿನಲ್ಲಿ 7 ಆಂಪಿಯರ್ ಮೀರಿ ಎಳೆಯುತ್ತದೆ. ತೆಳು ತಂತಿಯ ಎಕ್ಸ್‌ಟೆನ್ಶನ್‌ನಲ್ಲಿ ಹಾಕಿದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಕೊಟ್ಟಿಗೆಗೆ 2.5 ಚದರ ಮಿ.ಮೀ. ತಂತಿ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ. ಹಲಗೆ ಹಾಯುತ್ತಿರುವಾಗಲೇ ಮತ್ತೊಬ್ಬರಿಂದ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿಸಿ, ಖಾಲಿ ಓಡುವಾಗಿನ ಅಂಕೆ ಉಪಯೋಗಕ್ಕೆ ಬರುವುದಿಲ್ಲ.

ಒಂದು ಮಾತು ಕೇಳದೆಯೇ ಹೇಳುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. ನಿಂತ ಹಲಗೆಯನ್ನು ಎಳೆಯಲು ಎಂದೂ ಒಳಗೆ ಕೈ ಹಾಕಬೇಡಿ, ಬಗ್ಗಿ ಹಲಗೆಯ ನೇರಕ್ಕೆ ಮುಖ ತರಬೇಡಿ. ಒಂದಡಿಗಿಂತ ಗಿಡ್ಡ ತುಂಡುಗಳನ್ನು ಹಾಯಿಸಬೇಡಿ. ಕಿವಿಗೆ ಮಫ್ ಮತ್ತು ಮೂಗಿಗೆ ಸರಿಯಾದ ಮಾಸ್ಕ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಪ್ರಶ್ನೆ ಕೇಳಿದವರಿಂದ

ನೋಡಿಸಿದೆ: ಖಾಲಿ ಓಡುವಾಗ 218, ಹಲಗೆ ಒಳಹೊಕ್ಕಾಗ 189. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ. ಬ್ಲೇಡ್ ಸರಿಸಿದ ಮೇಲೆ ಗೆರೆ ಹೋಯಿತು, ಕೀಸಿದ ಮುಖದಲ್ಲಿ ಹಲಸಿನ ಹಳದಿ ತುಂಬ ಚೆನ್ನಾಗಿ ಎದ್ದು ಬಂದಿದೆ. ಉಳಿದ ಹಲಗೆಗಳನ್ನೂ ಕೀಸಿ ಮುಗಿಸಿ ಕೂಡಲೇ ಅಂಟು ಹಾಕಬಹುದೇ?

ಮೊದಲ ಉತ್ತರಿಸಿದವರಿಂದ

ಬೇಡ. ಬೇಕಾದ ದಪ್ಪಕ್ಕಿಂತ ಎರಡು ಮಿ.ಮೀ. ಹೆಚ್ಚಿರುವಾಗಲೇ ನಿಲ್ಲಿಸಿ, ಎರಡೂ ಮುಖಗಳಿಂದ ಸಮನಾಗಿ ತೆಗೆದಿದ್ದೀರೆಂದು ಖಚಿತಪಡಿಸಿಕೊಂಡು, ಮೇಜು ಇರಬೇಕಾದ ಕೋಣೆಯಲ್ಲೇ ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು ಒಂದು ವಾರ ಪೇರಿಸಿಡಿ. ಒಳಗಿನ ತೇವ ಬಯಲಾಗಿ ಹಲಗೆ ಸ್ವಲ್ಪ ಅಲುಗಿದರೆ ಆ ಎರಡು ಮಿಲಿಮೀಟರಿನಲ್ಲಿ ಸರಿಪಡಿಸಬಹುದು. ಕೊನೆಯ ಸುತ್ತನ್ನು ನಾಲ್ಕೂ ಹಲಗೆಗಳಿಗೆ ಒಂದೇ ದಿನ, ಯಂತ್ರದ ಎತ್ತರವನ್ನು ಮುಟ್ಟದೆ ಹಾಯಿಸಿ, ಅದೇ ಸಂಜೆ ಅಂಟು ಹಾಕಿ.