ಲಿವರ್‌ಮೋರ್ ವೈನರಿಗಳು, ಟೇಸ್ಟಿಂಗ್, ಕ್ಲಬ್: ಅಕ್ಕನಿಗೆ ಉತ್ತರ

ಅಕ್ಕಾ, ಗ್ರೂಪಲ್ಲಿ ನೀನು ಕೇಳಿದ್ದು ಈಗ ನೋಡಿದೆ. ಭಾವನ ಅಣ್ಣ, ಅತ್ತಿಗೆ ಮೈಸೂರಿಂದ ಬಂದಿದ್ದಾರೆ, ಶನಿವಾರ ಎಲ್ಲರೂ ಇಲ್ಲಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗುತ್ತೀರಿ, ಹಾಗೇ ಅಲ್ಲಿನ ವೈನರಿ, ಅಂದರೆ ವೈನ್ ಮಾಡುವ ಜಾಗ, ತೋರಿಸಬೇಕು ಅಂತಿದ್ದೀಯ. ಎಲ್ಲಿಗೆ ಹೋಗೋದು, ಏನು ಮಾಡೋದು, ಭಾವ ಯಾವುದೋ ವೈನ್ ಕ್ಲಬ್ ಸೇರೋಣ ಅನ್ನುತ್ತಿದ್ದಾರಲ್ಲ, ಸೇರಬಹುದಾ ಅಂತ ಕೇಳಿದ್ದೀಯ. ಅದರ ಕೆಳಗೇ ಚಿಕ್ಕಮ್ಮ, ವೈನಿಗೆ ಮೊಟ್ಟೆ ಹಾಕುತ್ತಾರಂತೆ ನಿಜವಾ ಅಂತ ಕೇಳಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಮುಗಿಯೋದಿಲ್ಲ, ಮಾತಾಡಿಯೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳು.

ಕ್ಲಬ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೇರಿ, ಒಳ್ಳೆಯದೇ. ಆದರೆ ಈ ಶನಿವಾರವೇ ಸೇರಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಜಾಗ. ವೈನ್ ಅಂದರೆ ಎಲ್ಲರೂ ಹೆಸರಾದ ನಾಪಾ ಕಣಿವೆಯನ್ನೇ ಹೇಳುತ್ತಾರೆ, ನಾಪಾ, ನಾಪಾ ಅಂತಾರೆ. ಫ್ರೀಮಾಂಟಿಂದ ನಾಪಾಗೆ ಹೋಗಿ ಬರೋದರಲ್ಲೇ ಅರ್ಧ ದಿನ ಕಳೆಯುತ್ತದೆ, ದುಡ್ಡೂ ಜಾಸ್ತಿ. ಲಿವರ್‌ಮೋರ್ ನಿಮಗೆ ಹತ್ತಿರ, ಹಳೆಯದಕ್ಕೆ ಹಳೆಯದೂ ಹೌದು. ಇಲ್ಲಿನ ವೆಂಟಿ ಮತ್ತು ಕಾನ್ಕ್ಯಾನನ್ ಅನ್ನುವ ವೈನರಿಗಳು ಎರಡೂ ಶುರುವಾಗಿದ್ದು 1883ರಲ್ಲಿ. ವೆಂಟಿ ಇವತ್ತಿಗೂ ಅದೇ ಮನೆತನದವರ ಕೈಯಲ್ಲಿದೆ, ಐದನೇ ತಲೆಮಾರು ನಡೆಸುತ್ತಿದೆ. ಅವರು 1912ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯಿಂದ ಶಾರ್ಡನೆ ಅನ್ನುವ, ಬಿಳಿ ವೈನ್ ಮಾಡುವ ದ್ರಾಕ್ಷಿ ಬಳ್ಳಿಯ ಕಡ್ಡಿ ತರಿಸಿ ನೆಟ್ಟರು. ಇವತ್ತು ಕ್ಯಾಲಿಫೋರ್ನಿಯಾದ ಬಹುಪಾಲು ಶಾರ್ಡನೆ ತೋಟಗಳಲ್ಲಿ ಇರುವುದು ಆ ಬಳ್ಳಿಯ ಸಂತಾನವೇ. ಪೆಟೀಟ್ ಸಿರಾ ಅನ್ನುವ ಕಪ್ಪು ದ್ರಾಕ್ಷಿಯ ಹೆಸರನ್ನೇ ಬಾಟಲಿ ಮೇಲೆ ಹಾಕಿ ಮೊದಲು ಮಾರಿದ್ದು ಕಾನ್ಕ್ಯಾನನ್, 1961ರ ಬೆಳೆಯಿಂದ. 1889ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಗೆದ್ದ ಚಾರ್ಲ್ಸ್ ವೆಟ್ಮೋರ್ ಅವರ ವೈನ್ ಕೂಡ ಇದೇ ಕಣಿವೆಯದು. ಆಮೇಲೆ 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಪಾನನಿಷೇಧ. ಆಗ ವೆಂಟಿ, ಕಾನ್ಕ್ಯಾನನ್ ಎರಡೂ ಮನೆಯವರು ಚರ್ಚುಗಳ ಪೂಜೆಗೆ ಬೇಕಾದ ವೈನ್ ಮಾಡಿಕೊಂಡು ಉಳಿದರು. ಅಣ್ಣನವರಿಗೆ ಇತಿಹಾಸ ಇಷ್ಟ ಅಲ್ವಾ, ಕಾರಲ್ಲಿ ಹೋಗುತ್ತಾ ಇದನ್ನೆಲ್ಲ ಹೇಳು.

ದೇವಸ್ಥಾನ ಇರೋದು ಊರಿನ ಉತ್ತರಕ್ಕೆ, ತೋಟಗಳು ದಕ್ಷಿಣಕ್ಕೆ. ಊರು ದಾಟಿ ಸೌತ್ ಲಿವರ್‌ಮೋರ್ ಅವೆನ್ಯೂ ಹಿಡಿದರೆ ಅದೇ ಮುಂದೆ ಟೆಸ್ಲಾ ರೋಡ್ ಆಗುತ್ತದೆ. ಎರಡೂ ಕಡೆ ಬಳ್ಳಿ ಸಾಲು, ಒಂದಾದ ಮೇಲೆ ಒಂದು ವೈನರಿ. ಕಣಿವೆ ಪೂರ್ವ-ಪಶ್ಚಿಮವಾಗಿ ಮಲಗಿದೆ. ಹಗಲು ಬಿಸಿಲು ಸುಡುತ್ತದೆ, ಸಂಜೆ ಆದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ. ಹಣ್ಣಿಗೆ ಬಣ್ಣ, ಸಿಹಿ ಬರೋದು ಆ ಬಿಸಿಲಿಂದ, ಹುಳಿ ಉಳಿಯೋದು ಆ ತಂಪಿಂದ. ಎರಡೂ ಬೇಕು.

ಅಣ್ಣನವರು ನಂದಿ ಬೆಟ್ಟದ ಕಡೆ, ದೊಡ್ಡಬಳ್ಳಾಪುರದ ಗ್ರೋವರ್ ತೋಟ ನೋಡಿದ್ದೇನೆ ಅಂದಿದ್ದರಲ್ಲ, ಅವರಿಗೆ ಒಂದು ವ್ಯತ್ಯಾಸ ತೋರಿಸು. ಇಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತದೆ. ಕೊಯ್ಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ನಮ್ಮ ಕಡೆ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಕಡ್ಡಿ ಕತ್ತರಿಸಿ ಸವರುತ್ತಾರೆ, ವಿಜಯಪುರದ ಕಡೆಯವರು ಚಾಟ್ನಿ ಅಂತಾರಲ್ಲ, ಅದು. ಬೇಸಿಗೆಯ ಚಾಟ್ನಿ ಕಡ್ಡಿ ಬಲಿಯೋದಕ್ಕೆ, ಮಳೆ ಮುಗಿಯುವ ಹೊತ್ತಿನ ಚಾಟ್ನಿ ಹಣ್ಣಿಗೆ. ಕೊಯ್ಲು ಬರೋದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ವೈನರಿಯಲ್ಲಿ ವೈನ್ ರುಚಿ ತೋರಿಸುವ ಟೇಸ್ಟಿಂಗ್ ರೂಮಲ್ಲಿ ಇದನ್ನು ಹೇಳಿದರೆ ಅಲ್ಲಿನವರು ಎಷ್ಟು ಆಸಕ್ತಿಯಿಂದ ಕೇಳುತ್ತಾರೆ ನೋಡು. ಮಾತು ಬೆಳೆದರೆ ಪಟ್ಟಿಯಲ್ಲಿ ಇಲ್ಲದ ಒಂದು ಬಾಟಲಿಯನ್ನೂ ತೆಗೆದು ಸ್ವಲ್ಪ ಬಗ್ಗಿಸುತ್ತಾರೆ.

ಬೆಳಿಗ್ಗೆ ದೇವಸ್ಥಾನ ಮುಗಿಸಿ, ಹೊಟ್ಟೆ ತುಂಬಾ ಊಟ ಮಾಡಿ, ಆಮೇಲೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಖಂಡಿತ ಬೇಡ. ದೇವರ ದರ್ಶನ ಮಾಡಿದ ದಿನ ಇದು ಬೇಡ ಅಂತ ಅತ್ತಿಗೆಗೆ ಅನಿಸಿದರೆ ಒತ್ತಾಯ ಮಾಡಬೇಡಿ, ಭಾನುವಾರ ಹೋದರಾಯಿತು. ಕುಡಿಯದೆ ಸುಮ್ನೆ ತೋಟ ನೋಡಿಕೊಂಡು, ಮರದ ಕೆಳಗೆ ಕೂತು ಬರುವವರೂ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಟೇಸ್ಟಿಂಗ್ ದುಡ್ಡು ಕೊಡಬೇಕಾಗಿಲ್ಲ. ಮುಂಚೆಯೇ ಫೋನ್ ಮಾಡಿ ಸಮಯ ಕಾದಿರಿಸು, ಶನಿವಾರ ಜನ ಜಾಸ್ತಿ. ಎಲ್ಲರ ಐಡಿ ಇರಲಿ. ತಲೆ ನರೆತವರನ್ನೂ ಕೇಳುವ ಜಾಗಗಳಿವೆ, ಕುಡಿಯೋದಕ್ಕೆ 21 ವರ್ಷ ಆಗಿರಬೇಕು ಅನ್ನೋದು ಇಲ್ಲಿ ಕಟ್ಟುನಿಟ್ಟು.

ಇನ್ನೊಂದು ಮಾತು, ಇದನ್ನು ಯಾರೂ ಹೇಳೋದಿಲ್ಲ. ಮಲ್ಲಿಗೆ ಮುಡಿದಿದ್ದರೆ ಅದನ್ನು ಕಾರಲ್ಲೇ ತೆಗೆದಿಡಿ. ಸೆಂಟ್ ಬೇಡ. ಅಂಗೈಯಲ್ಲಿ ಕರ್ಪೂರದ ವಾಸನೆ ಇದ್ದರೆ ನೀರಲ್ಲಿ ತೊಳೆದುಕೊಳ್ಳಿ. ವೈನಿನ ಅರ್ಧ ರುಚಿ ಮೂಗಲ್ಲೇ ಸಿಗೋದು. ಮಲ್ಲಿಗೆ ಮುಂದೆ ಪಾಪ ಯಾವ ವೈನೂ ನಿಲ್ಲೋದಿಲ್ಲ, ಪಕ್ಕದಲ್ಲಿ ನಿಂತವರಿಗೂ ಗೊತ್ತಾಗೋದಿಲ್ಲ.

ಇನ್ನು ರುಚಿ ನೋಡುವುದು. ನಾಲ್ಕೋ ಐದೋ ವೈನ್ ಕೊಡುತ್ತಾರೆ, ಒಂದೊಂದೂ ಸುಮಾರು 30 ಎಂಎಲ್. ಐದೂ ಸೇರಿದರೆ ಒಂದು ಗ್ಲಾಸ್ ಆಯಿತು. ಬಿಳಿ ಮೊದಲು, ಆಮೇಲೆ ಕೆಂಪು, ಸಿಹಿ ಇದ್ದರೆ ಕೊನೆಗೆ. ಗ್ಲಾಸನ್ನು ಕಾಂಡದಲ್ಲಿ ಹಿಡಿದು, ಕೊಟ್ಟಿರುವ ಬಿಳಿ ಹಾಳೆ ಮೇಲೆ ಸ್ವಲ್ಪ ಓರೆ ಮಾಡಿ ಬಣ್ಣ ನೋಡಿ. ಮೇಜಿನ ಮೇಲೇ ಇಟ್ಟು ಮೆಲ್ಲಗೆ ತಿರುಗಿಸಿ, ಆಮೇಲೆ ಮೂಗು ಒಳಗೆ ಬಿಟ್ಟು ವಾಸನೆ ನೋಡಿ. ಒಂದು ಗುಟುಕು ಬಾಯಿಗೆ ಹಾಕಿಕೊಂಡು ತಕ್ಷಣ ನುಂಗಬೇಡಿ, ಬಾಯಿ ತುಂಬ ಓಡಾಡಲಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಗಮನಿಸಿ. ಒಳ್ಳೆ ವೈನ್ ಅಷ್ಟು ಬೇಗ ಬಿಟ್ಟು ಹೋಗೋದಿಲ್ಲ. ಪೆಟೀಟ್ ಸಿರಾ ಕುಡಿದಾಗ ವಸಡು, ಕೆನ್ನೆ ಒಳಗೆಲ್ಲ ಹಿಡಿದುಕೊಂಡ ಹಾಗಾಗುತ್ತದೆ, ಹಸಿ ಅಡಿಕೆ ಅಗಿದಾಗ ಆಗುತ್ತದಲ್ಲ, ಅದೇ ಒಗರು. ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಅದು ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್. ನಾಲ್ಕೈದು ವರ್ಷ ಇಟ್ಟರೆ ತಾನಾಗಿ ಮೆತ್ತಗಾಗುತ್ತದೆ.

ಮೇಜಿನ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ. ಇಷ್ಟ ಆಗಲಿಲ್ಲ ಅಂದರೆ ಉಳಿದಿದ್ದನ್ನು ಅದಕ್ಕೆ ಸುರಿಯಿರಿ. ನಮ್ಮವರಿಗೆ ಸಂಕೋಚ, ಕೊಟ್ಟಿದ್ದನ್ನು ಚೆಲ್ಲೋದು ಹೇಗೆ ಅಂತ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ, ಪಾತ್ರೆ ಇಟ್ಟಿರೋದೇ ಅದಕ್ಕೆ. ಎರಡು ವೈನರಿ ಸಾಕು, ಮೂರನೆಯದರ ಹೊತ್ತಿಗೆ ನಾಲಿಗೆ ಸೋತಿರುತ್ತದೆ.

ಚಿಕ್ಕಮ್ಮ, ಈಗ ನಿಮ್ಮ ಪ್ರಶ್ನೆ. ನೀವು ಕೇಳಿದ್ದು ತುಂಬಾ ಸರಿಯಾಗಿದೆ. ವೈನ್ ಮಾಡೋದು ದ್ರಾಕ್ಷಿಯಿಂದಲೇ, ಆದರೆ ಅದನ್ನು ತಿಳಿ ಮಾಡೋದಕ್ಕೆ ಕೆಲವರು ಮೊಟ್ಟೆಯ ಬಿಳಿ ಲೋಳೆ ಹಾಕುತ್ತಾರೆ, ಕೆಂಪು ವೈನಿಗೆ ಇದು ಹಳೇ ಪದ್ಧತಿ. ಕೆಲವರು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಜೆಲಾಟಿನ್, ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್, ಹಾಲಿನ ಕೇಸಿನ್ ಬಳಸುತ್ತಾರೆ. ಇವು ಕಲ್ಮಷವನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ, ಮೇಲಿನ ತಿಳಿಯನ್ನು ಬೇರೆ ಮಾಡುತ್ತಾರೆ. ವೈನಲ್ಲಿ ಉಳಿಯೋದು ಇಲ್ಲವೆನ್ನುವಷ್ಟು ಕಮ್ಮಿ. ಆದರೂ ಬೇಡ ಅನ್ನುವವರಿಗೆ ಬೇಡವೇ ತಾನೇ? ಇಲ್ಲಿ ಬಾಟಲಿ ಮೇಲೆ ಇದನ್ನು ಬರೆಯಲೇಬೇಕು ಅಂತ ಕಾನೂನಿಲ್ಲ. ಅದಕ್ಕೇ ತೋಟಕ್ಕೆ ಹೋಗಿ ಕೊಳ್ಳೋದರಲ್ಲಿ ಅರ್ಥ ಇದೆ, ಮಾಡಿದವರನ್ನೇ ಕೇಳಬಹುದು. ಅಕ್ಕಾ, ಇದನ್ನು ಮಾತ್ರ ಮರೆಯದೆ ಕೇಳು: ಇದು ಅನ್‌ಫೈನ್ಡಾ, ಅಂದರೆ ತಿಳಿ ಮಾಡೋದಕ್ಕೆ ಏನೂ ಹಾಕಿಲ್ಲವಾ, ವೀಗನ್ನಾ, ಅಂದರೆ ಪ್ರಾಣಿಯಿಂದ ಬಂದಿದ್ದು ಏನೂ ಹಾಕಿಲ್ಲವಾ, ಅಥವಾ ಬೆಂಟೊನೈಟ್ ಹಾಕಿ ತಿಳಿ ಮಾಡಿದ್ದಾ? ಬೆಂಟೊನೈಟ್ ಅಂದರೆ ಜೇಡಿಮಣ್ಣು, ಅದರಲ್ಲಿ ತೊಂದರೆ ಇಲ್ಲ. ಸಣ್ಣ ವೈನರಿಯಲ್ಲಿ ತಕ್ಷಣ ಉತ್ತರ ಸಿಗುತ್ತದೆ. ಗೊತ್ತಿಲ್ಲ ಅಂದರೆ ಒಳಗೆ ಹೋಗಿ ಕೇಳಿಕೊಂಡು ಬಂದು ಹೇಳುತ್ತಾರೆ.

ಈಗ ಕ್ಲಬ್. ಅದು ಹೀಗೆ: ವರ್ಷಕ್ಕೆ ಎರಡರಿಂದ ನಾಲ್ಕು ಸಲ ಮೂರೋ ಆರೋ ಬಾಟಲಿಯ ಒಂದು ಕಂತು ನಿಮ್ಮ ಹೆಸರಿಗೆ ತೆಗೆದಿಡುತ್ತಾರೆ, ಕಾರ್ಡಿಂದ ದುಡ್ಡು ತಾನಾಗಿ ಹೋಗುತ್ತದೆ. ಬೆಲೆಯಲ್ಲಿ ಶೇಕಡಾ 15, 20 ಕಮ್ಮಿ. ಹೋದಾಗೆಲ್ಲ ನಿಮಗೂ ಜೊತೆಗೆ ಬಂದ ಒಂದಿಬ್ಬರಿಗೂ ಟೇಸ್ಟಿಂಗ್ ಪುಕ್ಕಟೆ. ಅಂಗಡಿಗೆ ಹೋಗದ ಕೆಲವು ವೈನ್ ಸದಸ್ಯರಿಗೆ ಮಾತ್ರ ಸಿಗುತ್ತವೆ. ಟೇಸ್ಟಿಂಗ್ ಮುಗಿದು, ಮನಸ್ಸು ಹಗುರ ಆಗಿ, ಎಲ್ಲರೂ ಖುಷಿಯಲ್ಲಿ ಇರುವಾಗ ಫಾರ್ಮ್ ಮುಂದೆ ಬರುತ್ತದೆ. ಇವತ್ತೇ ಸೇರಿದರೆ ಇವತ್ತಿನ ಟೇಸ್ಟಿಂಗ್ ಶುಲ್ಕ ಬೇಡ ಅಂತಾರೆ. ಭಾವ ಸಹಿ ಹಾಕೋದು ಆಗಲೇ.

ಲೆಕ್ಕ ಹಾಕು. ಬಾಟಲಿ 40 ಡಾಲರ್, ಶೇಕಡಾ 20 ಕಳೆದರೆ 32. ಮೂರು ಬಾಟಲಿ ವರ್ಷಕ್ಕೆ ನಾಲ್ಕು ಸಲ ಅಂದರೆ 12 ಬಾಟಲಿ, 384 ಡಾಲರ್, ತೆರಿಗೆ ಬೇರೆ. ಉಳಿದಿದ್ದು 96 ಡಾಲರ್. ಮನೆಗೆ ತರಿಸಿಕೊಂಡರೆ ಆ ಉಳಿತಾಯದ ದೊಡ್ಡ ಪಾಲು ಸಾಗಣೆಗೇ ಹೋಗಬಹುದು. ಜೊತೆಗೆ 21 ದಾಟಿದವರು ಮನೆಯಲ್ಲಿದ್ದು ಸಹಿ ಹಾಕಿ ತಗೋಬೇಕು, ನೀವಿಬ್ಬರೂ ಆಫೀಸಲ್ಲಿ ಇರುತ್ತೀರಿ. ಬೇಸಿಗೆಯಲ್ಲಿ ಟ್ರಕ್ಕಿನ ಬಿಸಿಗೆ ವೈನ್ ಕೆಡುವ ಭಯವೂ ಇದೆ. ಆದರೆ ನೀವು ಹೇಗೂ ತಿಂಗಳಿಗೊಮ್ಮೆ ದೇವಸ್ಥಾನಕ್ಕೆ ಹೋಗುತ್ತೀರಿ ಅಲ್ವಾ? ಹೋದಾಗ ನೀವೇ ತಂದುಕೊಂಡರೆ ಸಾಗಣೆಯೂ ಇಲ್ಲ, ಕಾಯುವ ಗೋಜೂ ಇಲ್ಲ. ನಾನು ಸೇರಿ ಅಂದಿದ್ದೇ ಇದಕ್ಕೆ. ನಿಮ್ಮ ಓಡಾಟದ ದಾರಿಯಲ್ಲಿರುವ ಒಂದೇ ಒಂದು ವೈನರಿಗೆ, ಅತಿ ಚಿಕ್ಕ ಕಂತಿಗೆ ಸೇರಿ.

ಶನಿವಾರ ಇಷ್ಟ ಆದ ಕಡೆ ಎರಡು ಬಾಟಲಿ ತಗೊಳ್ಳಿ. ಮನೆಯಲ್ಲಿ ನಮ್ಮ ಊಟದ ಜೊತೆ ಕುಡಿದು ನೋಡಿ. ಅಲ್ಲಿ ಚೀಸ್ ಜೊತೆ ಚೆನ್ನಾಗಿದ್ದ ಗಡಸು ಕೆಂಪು ವೈನ್ ಬಿಸಿಬೇಳೆ ಬಾತ್ ಜೊತೆ ಬಾಯಿ ಉರಿಸುತ್ತದೆ, ಖಾರ ಆ ಒಗರನ್ನು ಎತ್ತಿ ತೋರಿಸುತ್ತದೆ. ಕೋಡುಬಳೆಗೆ ಸೊವಿನ್ಯೋ ಬ್ಲಾಂ ಅನ್ನುವ ತಣ್ಣನೆಯ ಬಿಳಿ ವೈನ್, ಖಾರದ ಊಟಕ್ಕೆ ಸ್ವಲ್ಪ ಸಿಹಿ ಇರುವ ಬಿಳಿ ಅಥವಾ ರೋಜೆ, ಅಂದರೆ ಗುಲಾಬಿ ಬಣ್ಣದ ವೈನ್, ಒಳ್ಳೆಯದು. ಮನೆಯಲ್ಲೂ ಹಿಡಿಸಿದರೆ ಮುಂದಿನ ತಿಂಗಳು ಹೋಗಿ ಸೇರಿ. ಸೇರುವಾಗ ಮೂರು ವಿಷಯ ಕೇಳು: ಬೇಕಾದ ಬಾಟಲಿ ನಾವೇ ಆರಿಸಬಹುದಾ, ಊರಲ್ಲಿ ಇಲ್ಲದಾಗ ಒಂದು ಕಂತು ಬಿಡಬಹುದಾ, ಕನಿಷ್ಠ ಎಷ್ಟು ಕಂತು ತಗೋಬೇಕು. ಆನ್‌ಲೈನಲ್ಲಿ ಸೇರಿದರೆ ಆನ್‌ಲೈನಲ್ಲೇ ಬಿಡುವುದಕ್ಕೆ ಅವಕಾಶ ಕೊಡಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ, ಅದಕ್ಕೆ ಆನ್‌ಲೈನಲ್ಲೇ ಸೇರು.

ದೊಡ್ಡ ಹೆಸರಿನವರ ಕಡೆ ಹೋಗಿ ನೋಡಿ, ಆದರೆ ಸೇರೋದು ಸಣ್ಣವರ ಕಡೆ ಆಗಲಿ ಅಂತ ನನ್ನ ಆಸೆ. ಸಣ್ಣ ತೋಟದವರಿಗೆ ಸೂಪರ್ ಮಾರ್ಕೆಟ್ ಶೆಲ್ಫ್ ಸಿಗೋದೇ ಕಷ್ಟ. ಸಿಕ್ಕರೂ ಬೆಲೆಯ ದೊಡ್ಡ ಭಾಗ ಮಧ್ಯದವರಿಗೆ ಹೋಗುತ್ತದೆ. ಅವರ ಸಂಸಾರ ನಡೆಯೋದು ಬಾಗಿಲಿಗೆ ಬಂದವರಿಂದ ಮತ್ತು ಕ್ಲಬ್ಬಿಂದ. ಲಿವರ್‌ಮೋರಲ್ಲಿ ಮನೆಗಳು ತೋಟಗಳನ್ನು ನುಂಗುತ್ತಾ ಬಂದಾಗ, 1993ರಲ್ಲಿ ಅಲಮೇಡಾ ಕೌಂಟಿಯವರು ದಕ್ಷಿಣದ ಕಣಿವೆಗೆ ಅಂತಲೇ ಯೋಜನೆ ಮಾಡಿ ದ್ರಾಕ್ಷಿ ನೆಲವನ್ನು ಕಾಪಾಡಿದರು. ದೇವನಹಳ್ಳಿ ಸುತ್ತ ತೋಟಗಳು ಲೇಔಟ್ ಆಗಿದ್ದನ್ನು ನಾವೆಲ್ಲ ಕಣ್ಣಾರೆ ನೋಡಿದವರು. ಇಲ್ಲಿ ಬಳ್ಳಿ ಸಾಲು ಇನ್ನೂ ನಿಂತಿರೋದು ನೋಡಿದರೆ ನನಗೆ ನಿಜವಾಗಲೂ ಸಂತೋಷ ಆಗುತ್ತದೆ. ಅದು ಹೀಗೇ ಉಳಿಯಬೇಕು ಅಂದರೆ ಬೆಳೆದವರಿಗೆ ದುಡ್ಡು ಸಿಗಬೇಕು.

ಕಾರು ಓಡಿಸುವವರು ಒಬ್ಬರು ಏನೂ ಕುಡಿಯದೆ ಇರಲೇಬೇಕು, ಇದರಲ್ಲಿ ಮಾತೇ ಇಲ್ಲ. ನೀನೇ ಓಡಿಸುತ್ತೀಯಾದರೆ ನಿನ್ನ ಪಾಲಿಗೆ ನಾನೊಂದು ಬಾಟಲಿ ತಂದುಕೊಡುತ್ತೇನೆ. ಅಲ್ಲಿ ತೆರೆದು ಉಳಿದ ಬಾಟಲಿ ಇದ್ದರೆ ಹಿಂದಿನ ಡಿಕ್ಕಿಯಲ್ಲಿ ಇಡಿ. ಸೀಟಿನ ಹತ್ತಿರ ಇಟ್ಟರೆ, ಯಾರೂ ಕುಡಿಯದಿದ್ದರೂ ದಂಡ ಬೀಳುತ್ತದೆ. ತೆರೆಯದ ಬಾಟಲಿಗಳಿಗೆ ಒಂದು ಕೂಲರ್ ತಗೊಂಡು ಹೋಗಿ, ಬಿಸಿಲಲ್ಲಿ ನಿಂತ ಕಾರು ಒಳಗೆ ಒಲೆಯಾಗಿರುತ್ತದೆ.

ಅಣ್ಣನವರು ಮೈಸೂರಿಗೆ ತಗೊಂಡು ಹೋಗಬೇಕು ಅಂದರೆ, ಭಾರತದಲ್ಲಿ ಒಬ್ಬರಿಗೆ ಸುಂಕ ಇಲ್ಲದೆ 2 ಲೀಟರ್ ಬಿಡುತ್ತಾರೆ. 750 ಎಂಎಲ್‌ನ ಎರಡು ಬಾಟಲಿ ಸರಿಹೋಗುತ್ತದೆ, ಮೂರನೆಯದು ಹೆಚ್ಚಾಗುತ್ತದೆ. ಇಬ್ಬರಿಂದ ನಾಲ್ಕು. ಚೆಕ್-ಇನ್ ಸೂಟ್‌ಕೇಸಲ್ಲೇ ಹಾಕಬೇಕು. ಬಾಟಲಿಗೆ ಹಾಕುವ ಗಾಳಿ ತುಂಬಿದ ಕವರ್ ನನ್ನ ಹತ್ತಿರ ಇದೆ, ಶುಕ್ರವಾರ ಆಫೀಸ್ ಮುಗಿಸಿ ಬರುವಾಗ ಕೊಟ್ಟು ಹೋಗುತ್ತೇನೆ. ಎಷ್ಟು ಜನ ಹೋಗುತ್ತೀರಿ, ಎಷ್ಟು ಹೊತ್ತಿಗೆ ಅಂತ ನಾಳೆ ರಾತ್ರಿಯೊಳಗೆ ಹೇಳು, ಟೇಸ್ಟಿಂಗ್ ನಾನೇ ಬುಕ್ ಮಾಡುತ್ತೇನೆ.