ಬಚ್ಚಲ ನೀರಿನ ಪೈಪ್ ನಾವೇ ಹಾಕಿಕೊಳ್ಳಬಹುದಾ? (ನೆಲಮಹಡಿ, ಹಳೇ ಮನೆ)

ಹಾಸನದ_ಹಳೇಮನೆ:
ನಮಸ್ಕಾರ. ನಮ್ಮ ಬಚ್ಚಲು 7 ಅಡಿಗೆ 5 ಅಡಿ. ಟೈಲ್ಸ್ ಹೇಗೂ ಕೀಳಿಸುತ್ತಿದ್ದೇವೆ, ಹಾಗೇ ನೀರು ಹೋಗುವ ಪೈಪನ್ನೂ ಬದಲಿಸೋಣ ಅಂತ. ಈಗಿರುವುದು ಹಳೇ ನಹಾನಿ ಟ್ರ್ಯಾಪ್ (ನೆಲದ ಜಾಲಿ ಕೆಳಗೆ ನೀರು ನಿಂತು ವಾಸನೆ ತಡೆಯುವ ಬಟ್ಟಲು). ಸದಾ ವಾಸನೆ, ಜೊತೆಗೆ ಸ್ನಾನ ಆದಮೇಲೆ ಮೂಲೆಯಲ್ಲಿ ನೀರು ನಿಂತೇ ಇರುತ್ತದೆ. ಆಚೆ 11 ಅಡಿ ದೂರದಲ್ಲಿ ಗಲ್ಲಿ ಟ್ರ್ಯಾಪ್ (ಬಚ್ಚಲ ನೀರು ಚರಂಡಿಗೆ ಸೇರುವ ಮುಂಚಿನ ಜಾಲಿ ಗುಂಡಿ) ಇದೆ. ಕಮೋಡ್ ಮುಟ್ಟುವುದಿಲ್ಲ. ಸ್ನಾನದ ನೀರು, ಬೇಸಿನ್, ಹೊಸದಾಗಿ ವಾಷಿಂಗ್ ಮಷೀನ್, ಇಷ್ಟೇ. ನೋಡಲು ಬಂದ ಪ್ಲಂಬರ್ "ಎಲ್ಲಾ ಕಮೋಡ್ ಪೈಪಿಗೇ ಸೇರಿಸಿಬಿಡೋಣ, ಒಂದೇ ದಿನದ ಕೆಲಸ" ಅಂದರು. ಮನಸ್ಸು ಒಪ್ಪಲಿಲ್ಲ. ಎಷ್ಟು ಇಂಚಿನ ಪೈಪ್, ಎಷ್ಟು ವಾಟ (ಇಳಿಜಾರು) ಬೇಕು? ಕೈಗೆ ಸ್ವಲ್ಪ ಕೆಲಸ ಗೊತ್ತು, ಆದರೆ ಚರಂಡಿ ಪೈಪ್ ಹಾಕಿಲ್ಲ.

ಮಲ್ನಾಡ್_ಮೇಸ್ತ್ರಿ:
ಕಮೋಡ್ ಪೈಪಿಗೆ ಸೇರಿಸಬೇಡಿ ಸಾರ್. ಗಲ್ಲಿ ಟ್ರ್ಯಾಪ್ ಇರೋದೇ ಬಚ್ಚಲ ನೀರಿಗೆ, ಕಮೋಡಿನದು ನೇರ ಚೇಂಬರಿಗೆ ಹೋಗಬೇಕು. ಎರಡನ್ನೂ ಒಂದೇ ಪೈಪಿಗೆ ಕೊಟ್ಟರೆ ಮುಂದೆ ಎಲ್ಲಾದರೂ ಕಟ್ಟಿಕೊಂಡಾಗ ಆ ಗಲೀಜು ನಿಮ್ಮ ಸ್ನಾನದ ಜಾಲಿಯಲ್ಲೇ ಮೇಲೆ ಬರುತ್ತದೆ.

ಫ್ಲೋರ್ ಟ್ರ್ಯಾಪಿನಿಂದ ಆಚೆಗೆ 75 ಎಂ.ಎಂ. ಎಸ್‌ಡಬ್ಲ್ಯುಆರ್ ಪೈಪ್ (ಬಚ್ಚಲು, ಕಮೋಡ್, ಮಳೆ ನೀರಿಗೆ ಬಳಸುವ ಪಿವಿಸಿ ಪೈಪ್) ಸಾಕು. ಕೊಳ್ಳುವಾಗ ಟೈಪ್ ಬಿ ಅಂತ ಕೇಳಿ. ಟೈಪ್ ಎ ಮಳೆ ನೀರಿಗೆ, ಗಾಳಿ ಪೈಪಿಗೆ ಮಾತ್ರ. ಗೋಡೆ ತೆಳು, ಬೆಲೆ ಕಮ್ಮಿ ಅಂತ ಅಂಗಡಿಯಲ್ಲಿ ಅದನ್ನೇ ಕೊಟ್ಟುಬಿಡುತ್ತಾರೆ. ಪೈಪ್ ಮೇಲೇ ಅಚ್ಚಾಗಿರುತ್ತದೆ, ಓದಿಕೊಳ್ಳಿ.

ವಾಟ 40ಕ್ಕೆ 1 ಇಡಿ. 11 ಅಡಿಗೆ ಸುಮಾರು ಮೂರು ಕಾಲು ಇಂಚು ಇಳಿಯಬೇಕು. ಏನೂ ಕೊಳ್ಳುವ ಮುಂಚೆ ಲೆವಲ್ ಟ್ಯೂಬಿಗೆ (ಮಟ್ಟ ನೋಡುವ ಪಾರದರ್ಶಕ ಪೈಪ್) ನೀರು ತುಂಬಿ, ಬಚ್ಚಲ ನೆಲದಿಂದ ಗಲ್ಲಿ ಟ್ರ್ಯಾಪಿನ ಜಾಲಿ ಎಷ್ಟು ಕೆಳಗಿದೆ ನೋಡಿ. ಟ್ರ್ಯಾಪಿನ ಎತ್ತರ, ಪೈಪಿನ ಇಳಿತ, ಎರಡೂ ಸೇರಿ ಅದರೊಳಗೆ ಕೂರಬೇಕು. ಕೂರದಿದ್ದರೆ ಬಚ್ಚಲ ನೆಲ ಏರಿಸಬೇಕಾಗುತ್ತದೆ, ಆಮೇಲೆ ಬಾಗಿಲ ಹೊಸ್ತಿಲು, ಅದು ಇನ್ನೊಂದು ಕಥೆ.

ಮೂಲೆಯಲ್ಲಿ ನೀರು ನಿಲ್ಲೋದು ಪೈಪಿನ ತಪ್ಪಲ್ಲ, ಟೈಲ್ಸ್ ಹಾಕಿದವನದ್ದು. 7 ಅಡಿ ಉದ್ದಕ್ಕೆ ಒಂದು ಇಂಚಾದರೂ ಜಾಲಿ ಕಡೆ ಇಳಿಯಬೇಕು.

ರಿಪೇರಿ_ಹುಚ್ಚು:
ವಾಸನೆಯ ಬಗ್ಗೆ. ಆ ಹಳೇ ಟ್ರ್ಯಾಪಿನ ಜಾಲಿ ಎತ್ತಿ ನೋಡಿ. ಒಳಗೆ ಬೋರಲು ಹಾಕಿದ ಬಟ್ಟಲಿನ ಥರ ಒಂದು ಮುಚ್ಚಳ ಇರಬೇಕು. ಅದರ ಅಂಚು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಗಾಳಿ ಮೇಲೆ ಬರುವುದಿಲ್ಲ. ಕೂದಲು ಸಿಕ್ಕಿಕೊಂಡು ನೀರು ನಿಧಾನ ಹೋಗುತ್ತದೆ ಅಂತ ಯಾರೋ ಒಂದು ದಿನ ಅದನ್ನು ತೆಗೆದು ಕಿಟಕಿ ಮೇಲಿಟ್ಟಿರುತ್ತಾರೆ, ವಾಪಸ್ ಹೋಗಿರಲ್ಲ, ಎಲ್ಲರ ಮನೆಯಲ್ಲೂ ಇದೇ ಅಲ್ವಾ! ಹೊಸದಾಗಿ ಹಾಕುವಾಗ 50 ಎಂ.ಎಂ. ನೀರು ನಿಲ್ಲುವ ಮಲ್ಟಿ ಫ್ಲೋರ್ ಟ್ರ್ಯಾಪ್ ತನ್ನಿ. ಬೇಸಿನ್ ಪೈಪನ್ನು ಅದರ ಪಕ್ಕದ ಬಾಯಿಗೆ ಕೊಡಿ, ದಿನಾ ನೀರು ಬೀಳುವುದರಿಂದ ಟ್ರ್ಯಾಪ್ ಒಣಗುವುದೂ ಇಲ್ಲ.

ವಾಷಿಂಗ್ ಮಷೀನನ್ನು ಮಾತ್ರ ಅದಕ್ಕೆ ಕೊಡಬೇಡಿ. ಪಂಪು ನೀರು ತಳ್ಳುವ ರಭಸಕ್ಕೆ ನೊರೆಯೆಲ್ಲಾ ಜಾಲಿಯಿಂದ ಉಕ್ಕುತ್ತದೆ. ಅದಕ್ಕೆ ಬೇರೆ 50 ಎಂ.ಎಂ. ಪೈಪ್ ನಿಲ್ಲಿಸಿ, ಬುಡದಲ್ಲಿ ಒಂದು ಪಿ ಟ್ರ್ಯಾಪ್ (ನೀರು ನಿಲ್ಲುವ ಬಾಗಿದ ಪೈಪ್), ಮುಂದೆ 75ರ ಲೈನಿಗೆ ವೈ (ಓರೆಯಾಗಿ ಸೇರಿಸುವ ತುಂಡು) ಹಾಕಿ ಸೇರಿಸಿ. ಟೀ (ನೇರ ಅಡ್ಡಕ್ಕೆ ಸೇರಿಸುವ ತುಂಡು) ಬೇಡ. ಮಷೀನಿನ ಪೈಪನ್ನು ಅದರ ಬಾಯೊಳಗೆ ಸಡಿಲವಾಗಿ ಇಳಿಬಿಡಿ. ಟೇಪ್ ಸುತ್ತಿ ಬಿಗಿ ಮಾಡಿದರೆ ಚರಂಡಿ ಪೈಪ್ ಸುಮ್ನೆ ಮಷೀನಿನ ನೀರನ್ನೇ ಎಳೆದುಕೊಳ್ಳಬಹುದು.

ಮಲ್ನಾಡ್_ಮೇಸ್ತ್ರಿ:
ವೈ ವಿಷಯಕ್ಕೆ ನನ್ನದೂ ಒಂದು ಓಟು. ತಿರುವಿನಲ್ಲೂ ಒಂದು 90ರ ಬೆಂಡ್ ಬದಲು ಎರಡು 45 ಹಾಕಿ. ಗೋಡೆ ಆಚೆ ಡೋರ್ ಬೆಂಡ್ (ತೆಗೆಯುವ ಮುಚ್ಚಳವಿರುವ ತಿರುವು) ಇದ್ದರೆ ಮುಂದೆ ತಂತಿ ಬಿಡೋಕೆ ಸುಲಭ. ನಮ್ಮವರಲ್ಲಿ ಕೆಲವರು ಪೈಪಿಗೆ ಬೆಂಕಿ ತೋರಿಸಿ ಬಾಯಿ ಅಗಲಿಸಿ ಜೋಡಿಸುತ್ತಾರೆ, ಅದನ್ನು ನೋಡಿ ಕಲಿಯಬೇಡಿ. ಕಾದ ಕಡೆ ಗೋಡೆ ತೆಳುವಾಗಿ ಬಿರುಕು ಬಿಡೋದು ಅಲ್ಲೇ.

ಮೂರನೇ_ಮಹಡಿ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದು ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್, ಸಂಕನ್ ಸ್ಲ್ಯಾಬ್ (ಪೈಪ್ ಕೂರಲು ತಗ್ಗಿಸಿದ ನೆಲ). ಇದೇ ಥರ ನಾನೂ ಮಾಡಬಹುದಾ?

ರಿಪೇರಿ_ಹುಚ್ಚು:
ನೀವು ಬೇಡ. ಅಲ್ಲಿ ಪೈಪಿಗಿಂತ ವಾಟರ್‌ಪ್ರೂಫಿಂಗ್ ದೊಡ್ಡ ಕೆಲಸ. ಟ್ರ್ಯಾಪಿನ ಸುತ್ತ ಕೂದಲೆಳೆಯಷ್ಟು ಸಂದು ಉಳಿದರೂ ಕೆಳಗಿನವರ ಸೀಲಿಂಗ್ ಒದ್ದೆ, ಆಮೇಲೆ ಅಸೋಸಿಯೇಷನ್ ಮೀಟಿಂಗಿನಲ್ಲಿ ನಿಮ್ಮದೇ ವಿಷಯ. ಹಾಸನದವರಿಗೆ ಕೆಳಗೆ ಮಣ್ಣು, ಅವರ ಧೈರ್ಯವೇ ಬೇರೆ.

ಹಾಸನದ_ಹಳೇಮನೆ:
ಟ್ಯೂಬ್ ಹಿಡಿದು ನೋಡಿದೆ, 12 ಇಂಚು ಇಳಿತ ಸಿಗುತ್ತದೆ. ಮುಚ್ಚಳ ನಿಜಕ್ಕೂ ಇಲ್ಲ, ಅಮ್ಮನಿಗೆ ಅದು ಏನೆಂದೇ ಗೊತ್ತಿಲ್ಲ 😀 ಅಂಟು ಹಾಕುವುದು ಹೇಗೆ, ಮುಚ್ಚುವ ಮುಂಚೆ ಪರೀಕ್ಷೆ ಹೇಗೆ?

ಮಲ್ನಾಡ್_ಮೇಸ್ತ್ರಿ:
12 ಧಾರಾಳ. ಮೊದಲು ಅಂಟಿಲ್ಲದೆ ಎಲ್ಲಾ ಜೋಡಿಸಿ, ಪ್ರತಿ ಜಾಯಿಂಟಿನ ಮೇಲೆ ಮಾರ್ಕರ್‌ನಲ್ಲಿ ಅಡ್ಡಗೆರೆ ಎಳೆದುಕೊಳ್ಳಿ, ಬಿಚ್ಚಿ. ಕತ್ತರಿಸಿದ ಅಂಚಿನ ಸಿಬಿರು ಅರದಲ್ಲಿ ತೆಗೆಯಿರಿ, ಇಲ್ಲದಿದ್ದರೆ ಕೂದಲು ಅಲ್ಲೇ ಹಿಡಿಯುತ್ತದೆ. ಒರೆಸಿ, ಸಾಲ್ವೆಂಟ್ (ಪೈಪಿನ ಅಂಟು) ಎರಡೂ ಕಡೆ ತೆಳ್ಳಗೆ ಬಳಿದು, ಸ್ವಲ್ಪ ತಿರುಗಿಸುತ್ತಾ ಗೆರೆಗೆ ಗೆರೆ ಸೇರುವವರೆಗೆ ತಳ್ಳಿ ಹಿಡಿದುಕೊಳ್ಳಿ. ಪೈಪಿನ ಕೆಳಗೆ ಮರಳು ಹಾಸಿ, ಜಲ್ಲಿ ಚೂರು ತಾಗಬಾರದು. ಮಾರನೇ ದಿನ ಆಚೆ ತುದಿಗೆ ಕ್ಯಾಪ್ ಹಾಕಿ, ಜಾಲಿಯವರೆಗೆ ನೀರು ತುಂಬಿ ರಾತ್ರಿ ಬಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮಣ್ಣು ಮುಚ್ಚಬೇಡಿ, ಒದ್ದೆಯಾದ ಜಾಯಿಂಟ್ ಹುಡುಕಿ. ಮತ್ತೆ ಟ್ರ್ಯಾಪ್ ಕೂರಿಸುವ ಮುಂಚೆ ಟೈಲ್ಸ್ ಕೊಂಡಿರಿ. ಅದರ ದಪ್ಪ ಗೊತ್ತಿಲ್ಲದೆ ಜಾಲಿಯ ಮಟ್ಟ ಹಿಡಿಯೋಕೆ ಆಗಲ್ಲ.