ವಾರ್ಡ್ ಸಮಿತಿ ಕೇಳಬೇಕಾ, ಬೇಡವಾ?

ಪ್ರಶ್ನೆ: ನಾವು ಚಿಕ್ಕಮಗಳೂರಿನವರು. ಬಡಾವಣೆಯ ಹತ್ತು ಮನೆಯವರು ಸೇರಿ, ವಾರ್ಡ್ ಸಮಿತಿ (ವಾರ್ಡಿನ ಕೆಲಸಗಳ ಬಗ್ಗೆ ಅಲ್ಲಿನ ಜನರೂ ಕೂತು ಮಾತಾಡುವ ಸಮಿತಿ) ಮಾಡಿ ಅಂತ ನಗರಸಭೆಗೆ ಅರ್ಜಿ ಕೊಡೋಣ ಅಂದುಕೊಂಡಿದ್ದೇವೆ. ಅದರಿಂದ ನಮ್ಮ ಮಾತು ನಡೆಯುತ್ತಾ, ಇಲ್ಲಾ ಸುಮ್ನೆ ಟೀ ಕುಡಿದು ಬರುವ ಸಭೆಯಾ? ಅನುಭವ ಇದ್ದವರು ಹೇಳಿ.

ಊರಿಗೆ ವಾಪಸ್ ಬಂದವರೊಬ್ಬರು: ಬೇರೆ ಊರಿನ ಪಾಲಿಕೆಯಲ್ಲಿ ಎರಡು ವರ್ಷ ವಾರ್ಡ್ ಸಮಿತಿಯಲ್ಲಿದ್ದೆ. ಮೊದಲ ವರ್ಷ ಟೀ ಸಭೆಯೇ. ಅಧ್ಯಕ್ಷರು ಕಾರ್ಪೊರೇಟರ್. ಯಾವ ರಸ್ತೆ, ಯಾವ ಚರಂಡಿ ಅನ್ನೋದು ಮೊದಲೇ ತೀರ್ಮಾನ ಆಗಿರುತ್ತಿತ್ತು. ನಾವು ತಲೆ ಆಡಿಸಿ ಬರುತ್ತಿದ್ದೆವು. ಆಮೇಲೆ ಟೈಪಿಸ್ಟ್ ಆಗಿ ರಿಟೈರ್ ಆದ ಒಬ್ಬರು ಅಮ್ಮ ಸಮಿತಿಗೆ ಬಂದರು. ಆಡಿದ ಮಾತನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದು, ಕೊನೆಗೆ ಓದಿ ಹೇಳಿ, ಎಲ್ಲರ ಸಹಿ ಹಾಕಿಸುತ್ತಿದ್ದರು. ಎಂಜಿನಿಯರ್ 'ಮುಂದಿನ ತಿಂಗಳು ಮಾಡ್ತೀವಿ' ಅಂದರೆ 'ಯಾವ ತಾರೀಖು ಬರಕೊಳ್ಳಲಿ?' ಅಂತ ಕೇಳುತ್ತಿದ್ದರು. ನಾಲ್ಕನೇ ಸಭೆಗೆ ಎಂಜಿನಿಯರ್ ಫೈಲ್ ಸಮೇತ ಬಂದರು! ಸಮಿತಿ ಸಿಗಲಿ ಬಿಡಲಿ, ನಡಾವಳಿ ಬರೆಯುವ ಕೆಲಸ ನೀವೇ ಇಟ್ಟುಕೊಳ್ಳಿ.

ನಿವೃತ್ತ ಮೇಷ್ಟ್ರು: ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ. 2011ರ ಜನಗಣತಿಯಲ್ಲಿ ನಮ್ಮದು ಸುಮಾರು 1.18 ಲಕ್ಷ. ಆ ವಿಧಿ ತೋರಿಸಿ ಜಗಳಕ್ಕೆ ಹೋಗಬೇಡಿ. ಬಜೆಟ್ ಪೂರ್ವಭಾವಿ ಸಭೆ, ಅಂದರೆ ಬಜೆಟ್ ಮಾಡುವ ಮೊದಲು ನಗರಸಭೆ ಜನರ ಮಾತು ಕೇಳುವ ಸಭೆ, ಅದನ್ನು ಹಿಡಿಯಿರಿ. ಮೊದಲ ಸಲ ನಾನು ಬೀದಿದೀಪ, ನಾಯಿ, ನೀರು ಎಲ್ಲಾ ಒಟ್ಟಿಗೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ, ಅಷ್ಟೇ. ಮುಂದಿನ ವರ್ಷ ಒಂದೇ ಚರಂಡಿ. ಟೇಪ್ ಹಿಡಿದು ಅಳತೆ, ಫೋಟೊ, ಮನೆಮನೆಯ ಸಹಿ. ನಗರಸಭೆಯಲ್ಲಿ ಅರ್ಜಿ ತೆಗೆದುಕೊಳ್ಳುವ ಟಪಾಲು ವಿಭಾಗಕ್ಕೆ ಕೊಟ್ಟು ಸೀಲ್ ಹಾಕಿಸಿಕೊಂಡೆ. ಅದು ಕ್ರಿಯಾಯೋಜನೆಗೆ, ಅಂದರೆ ಮಾಡಬೇಕಾದ ಕಾಮಗಾರಿಗಳ ಪಟ್ಟಿಗೆ, ಸೇರಿತು.

ಸ್ಥಳೀಯ ಆಡಳಿತ ಓದಿಕೊಂಡವರು: ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ (ಊರಿಗೆ ಏನು ಬೇಕು ಅಂತ ಜನರೇ ಕೂತು ಯೋಜನೆ ಮಾಡುವ ಕಾರ್ಯಕ್ರಮ) ಶುರುವಾದಾಗ ರಾಜ್ಯದ ಯೋಜನಾ ಹಣದಲ್ಲಿ ಶೇ. 35–40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟರು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ಹೊಸ ಕಾಮಗಾರಿ ಯಾವುದು ಬೇಕು ಅಂತ ಬಡಾವಣೆ ಸಭೆಗಳಲ್ಲಿ ಜನರನ್ನೇ ಕೇಳತೊಡಗಿದರು. ಹಣ ಇತ್ತು, ಜನ ಬಂದರು. ಆದರೆ ಪೋರ್ಟೊ ಅಲೆಗ್ರೆಯಲ್ಲಿ ಕೆಲಸ ಮಾಡಿಸಿಕೊಟ್ಟ ಹೆಸರು ಕೌನ್ಸಿಲರ್‌ಗಳ ಕೈಯಿಂದ ಜಾರಿ ಮೇಯರ್ ಕಚೇರಿ ಕಡೆ ಹೋಯಿತು. ಅದನ್ನು ತಂದ ಪಕ್ಷ 2004ರಲ್ಲಿ ಸೋತ ಮೇಲೆ ವ್ಯವಸ್ಥೆ ಸೊರಗಿ, 2017ರಲ್ಲಿ ನಿಂತೇ ಹೋಯಿತು. ಅದಕ್ಕೇ ನಿಮ್ಮ ವಾರ್ಡ್ ಸದಸ್ಯರನ್ನು ಬಿಟ್ಟು ಮುಂದೆ ಹೋಗಬೇಡಿ. ಮೊದಲು ಅವರ ಮನೆಗೆ ಹೋಗಿ ಬನ್ನಿ. ನಲ್ಲಿ ಹಾಕಿಸಿಕೊಟ್ಟೆ ಅನ್ನುವ ಹೆಸರು ಅವರಿಗೂ ಬೇಕು, ಅಲ್ವಾ?

ಕೆಲಸಕ್ಕೆ ಹೋಗುವ ಒಬ್ಬಾಕೆ: ಸಭೆ ಬೆಳಗ್ಗೆ 11ಕ್ಕೆ ಇಟ್ಟರೆ ಬರುವವರು ರಿಟೈರ್ ಆದವರು, ಕಂಟ್ರಾಕ್ಟರ್‌ಗಳು. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಸಂಬಳ ಬಿಟ್ಟು ಬರಬೇಕಾ? ಭಾನುವಾರ ಸಂಜೆ ಇಡಿ ಅಂತ ಅರ್ಜಿಯಲ್ಲೇ ಬರೆಯಿರಿ.

ಪ್ರಶ್ನೆ ಕೇಳಿದವರು: ಸಮಿತಿ ಅರ್ಜಿ ಸದ್ಯಕ್ಕೆ ಪಕ್ಕಕ್ಕಿಟ್ಟೆವು. ಮೇಷ್ಟ್ರೇ, ಆ ಟೇಪ್ ಇನ್ನೂ ಇದೆಯಾ? ಭಾನುವಾರ ಇಸ್ಕೊಂಡು ಹೋಗುತ್ತೇವೆ.